ತಾರೀಖು ಬರೆದಿಟ್ಟ ಚಿತ್ರ

ಐವತ್ತು ರೂಪಾಯಿಯ ನೀಲಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. 2017ರಲ್ಲಿ ಈ ನೋಟು ಬಂದ ಮೇಲೆ ವಿಜಯ ವಿಠ್ಠಲ ದೇವಾಲಯದ ಅಂಗಳದಲ್ಲಿ ಒಂದು ಹೊಸ ರೂಢಿಯೇ ಹುಟ್ಟಿಕೊಂಡಿತು. ನೋಟನ್ನು ಕಣ್ಣೆದುರಿಗೆ ಹಿಡಿದು, ನಿಜವಾದ ರಥವನ್ನು ಅದರ ಪಕ್ಕಕ್ಕೆ ಹೊಂದಿಸಿ ಫೋಟೊ ತೆಗೆಯುವುದು. ನೋಟಿಗೂ ರಥಕ್ಕೂ ಚೆನ್ನಾಗಿಯೇ ತಾಳೆಯಾಗುತ್ತದೆ. ಆದರೆ 1856ರಲ್ಲಿ ಇದೇ ರಥದ ಮುಂದೆ ಕ್ಯಾಮೆರಾ ಹೂಡಿದವರೊಬ್ಬರ ಚಿತ್ರವನ್ನು ತಂದು ಪಕ್ಕದಲ್ಲಿಟ್ಟರೆ ತಾಳೆ ತಪ್ಪುತ್ತದೆ. ಆ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆ, ಗಾರೆಯ ಗೋಪುರವೊಂದು ನಿಂತಿದೆ. ಈಗ ಅದು ಅಲ್ಲಿಲ್ಲ.

ಕ್ಯಾಮೆರಾ ಹೂಡಿದವರು ಅಲೆಕ್ಸಾಂಡರ್ ಗ್ರೀನ್‌ಲಾ. ಮದ್ರಾಸ್ ಸೈನ್ಯದ ಅಧಿಕಾರಿ, ಫೋಟೊಗ್ರಫಿ ಅವರಿಗೆ ಹವ್ಯಾಸ. ಫಿಲ್ಮ್ ಎಂಬುದು ಇನ್ನೂ ಹುಟ್ಟಿರದ ಕಾಲವದು. ಕಾಗದಕ್ಕೆ ಮೇಣ ಕುಡಿಸಿ, ಬೆಳ್ಳಿಯ ಲವಣ ಲೇಪಿಸಿ, ಆ ಕಾಗದವನ್ನೇ ನೆಗೆಟಿವ್ ಮಾಡಿಕೊಳ್ಳಬೇಕಿತ್ತು. ಒಂದೊಂದು ಹಾಳೆಯೂ ದಿನಪತ್ರಿಕೆಯ ಅರ್ಧ ಪುಟಕ್ಕಿಂತ ಚಿಕ್ಕದೇನಲ್ಲ. ಇವತ್ತು ಕಣ್ಣು ಮಿಟುಕಿಸುವುದರೊಳಗೆ ಆಗುವ ಕೆಲಸಕ್ಕೆ ಆಗ ಲೆನ್ಸ್ ತೆರೆದು ನಿಮಿಷಗಟ್ಟಲೆ ಕಾಯಬೇಕಿತ್ತು. ಹಂಪಿಯ ಬಂಡೆಗಳು ಕಾದ ಹೆಂಚಾಗುವ ಬಿಸಿಲಿನಲ್ಲಿ ಗ್ರೀನ್‌ಲಾ ಹೀಗೆ ಅರವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಮಾಡಿದರು. ಆಮೇಲೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಅವುಗಳ ಸುದ್ದಿಯೇ ಇರಲಿಲ್ಲ. 1980ರ ಹೊತ್ತಿಗೆ ಅವು ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನು ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಯಾವ ಗೋಪುರ ಬಿದ್ದಿದೆ, ಯಾವ ಕಂಬ ವಾಲಿದೆ, ಎಲ್ಲಿ ಹೊಸದಾಗಿ ಆಸರೆ ಕೊಟ್ಟಿದ್ದಾರೆ ಎಂಬುದೆಲ್ಲ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ಕಟ್ಟುತ್ತದೆ.

ಹವ್ಯಾಸಿಯೊಬ್ಬ ತನ್ನ ಖುಷಿಗೆ ತೆಗೆದ ಚಿತ್ರಕ್ಕೆ ಇಷ್ಟು ಆಯುಸ್ಸು, ಇಷ್ಟು ಉಪಯೋಗ ಇದೆ. ಅದಕ್ಕೆ ಇದ್ದ ಷರತ್ತು ಒಂದೇ: ಎಲ್ಲಿ, ಯಾವಾಗ ಎಂಬುದು ಗೊತ್ತಿರಬೇಕು.

ಇಂದು ಕನ್ನಡ ನಾಡಿನಲ್ಲಿ ಪಾಳುಬಿದ್ದ ಜಾಗಗಳನ್ನು ಹುಡುಕಿಕೊಂಡು ಹೋಗುವ ಹವ್ಯಾಸಿಗಳಿಗೆ ಕೊರತೆಯಿಲ್ಲ. ಅವರ ಮೊದಲ ಯಾತ್ರಾಸ್ಥಳ ಹೆಚ್ಚಾಗಿ ಹಾಸನದ ಶೆಟ್ಟಿಹಳ್ಳಿ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚ್ ಅಲ್ಲಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಬಂದಾಗ ಊರು ಮುಳುಗಿತು, ಜನ ಬೇರೆಡೆಗೆ ಹೋದರು. ಚರ್ಚ್ ಮಾತ್ರ ನಿಂತಲ್ಲೇ ನಿಂತಿತು. ಮಳೆಗಾಲದಲ್ಲಿ ಜಲಾಶಯ ತುಂಬಿದರೆ ಕಮಾನುಗಳ ತುದಿ ಮಾತ್ರ ನೀರಿನ ಮೇಲೆ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ಬಿರುಕುಬಿಟ್ಟ ಕೆಸರಿನ ಮೇಲೆ ನಡೆದೇ ಒಳಗೆ ಹೋಗಬಹುದು.

ಹತ್ತಿರ ಹೋದವರಿಗೆ ಕಾಣುವುದು ದೂರದ ಚಿತ್ರದ ಸೊಬಗಲ್ಲ. ಚಾವಣಿ ಎಂದೋ ಹೋಗಿದೆ. ಗಾರೆ ಕಳಚಿದಲ್ಲಿ ಇಟ್ಟಿಗೆ ಬಾಯಿಬಿಟ್ಟಿದೆ. ಗೋಡೆಯ ಮೇಲೆ ನೀರು ಬಿಟ್ಟುಹೋದ ಕಂದು, ಹಸಿರು ಗೆರೆಗಳು ಒಂದರ ಮೇಲೊಂದು ಕೂತಿವೆ. ಕೈಗೆಟುಕುವ ಎತ್ತರದಲ್ಲೆಲ್ಲ ಹೆಸರುಗಳು, ಹೃದಯದ ಗುರುತುಗಳು, ಇಸವಿಗಳು. ವರ್ಷಕ್ಕೊಮ್ಮೆ ನೆನೆದು ವರ್ಷಕ್ಕೊಮ್ಮೆ ಒಣಗುವ ಗೋಡೆಗೆ ನೀರಿನ ಏಟೇ ಸಾಕಾಗಿದೆ. ಅದರ ಮೇಲೆ ಮೊಳೆಯ ಗೀರೂ ಬೀಳುತ್ತಿದೆ. ಇತ್ತೀಚಿನ ಮಳೆಗಾಲಗಳಲ್ಲಿ ಗೋಡೆಯ ಭಾಗಗಳು ಕುಸಿದಿವೆ. ಹತ್ತು ವರ್ಷದ ಹಿಂದೆ ಯಾರೋ ಮೊಬೈಲಿನಲ್ಲಿ ತೆಗೆದ ಒಂದು ಸಾಧಾರಣ ಚಿತ್ರ, ಕಮಾನುಗಳನ್ನು ಎಣಿಸಿ ನೋಡುವಷ್ಟು ಸ್ಪಷ್ಟವಾಗಿದ್ದರೆ, ಇವತ್ತು ಅದಕ್ಕೆ ಬೆಲೆ ಕಟ್ಟುವುದು ಕಷ್ಟ.

ನೀರಿನೊಳಗಿನ ಊರುಗಳ ಕಥೆ ಇದೊಂದೇ ಅಲ್ಲ. ಲಿಂಗನಮಕ್ಕಿ ಅಣೆಕಟ್ಟೆಗಿಂತ ಹಳೆಯದಾದ ಹಿರೇಭಾಸ್ಕರ ಅಣೆಕಟ್ಟೆ ಶರಾವತಿಯ ಹಿನ್ನೀರಿನಲ್ಲೇ ಮುಳುಗಿದ್ದು, ನೀರು ತೀರಾ ಇಳಿದ ಬೇಸಿಗೆಗಳಲ್ಲಿ ತನ್ನ ಸೈಫನ್‌ಗಳ ಸಮೇತ ಮೇಲೆ ಬರುತ್ತದೆ. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವೂ ಹಾಗೆಯೇ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿತ್ತು. ಖೋಡೆ ಫೌಂಡೇಶನ್ ಅದನ್ನು ಬಿಚ್ಚಿ ಬೇರೆಡೆ ಮರುಜೋಡಿಸುವ ಮೊದಲು ಹದಿನಾರು ಸಾವಿರಕ್ಕೂ ಹೆಚ್ಚು ಫೋಟೊ ತೆಗೆಸಿ, ಕಲ್ಲು ಕಲ್ಲಿಗೂ ಗುರುತು ಹಾಕಿಸಿತು. 2011ರ ಹೊತ್ತಿಗೆ ಹೊಸ ಕನ್ನಂಬಾಡಿಯಲ್ಲಿ ದೇವಾಲಯ ಮತ್ತೆ ಎದ್ದು ನಿಂತಿತು. ಯಾವ ಕಲ್ಲು ಯಾವುದರ ಪಕ್ಕದಲ್ಲಿತ್ತು ಎಂದು ಹೇಳಲು ಅಲ್ಲಿ ಚಿತ್ರಗಳಿದ್ದವು. ಎಲ್ಲ ಪಾಳು ಗುಡಿಗಳಿಗೂ ಈ ಭಾಗ್ಯವಿಲ್ಲ. ಹೊಲದ ಬದುವಿನ ಮಂಟಪಕ್ಕೆ, ಅರಳಿ ಮರದ ಬೇರು ಹೊಕ್ಕ ಊರಾಚೆಯ ಗುಡಿಗೆ ಹದಿನಾರು ಸಾವಿರ ಫೋಟೊ ತೆಗೆಸುವವರು ಯಾರು? ಭಾನುವಾರ ಬೈಕ್ ಹತ್ತಿ ಹೊರಡುವ ಹವ್ಯಾಸಿಯೊಬ್ಬನ ಹದಿನಾರು ಚಿತ್ರಗಳೇ ಅವುಗಳ ಪಾಲಿಗೆ ದಫ್ತರ.

ಕಾಡಿನ ಕಡೆ ಹೊರಳಿದರೆ ಹವ್ಯಾಸಿಗಳ ಪರಂಪರೆ ಇನ್ನೂ ಗಟ್ಟಿ. ಓ.ಸಿ. ಎಡ್ವರ್ಡ್ಸ್ ಅವರ ಗರಡಿಯಲ್ಲಿ ಪಳಗಿದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಬೆಂಗಳೂರನ್ನು ವನ್ಯಜೀವಿ ಛಾಯಾಗ್ರಹಣದ ದೊಡ್ಡ ಕೇಂದ್ರ ಮಾಡಿದರು. 1971ರಲ್ಲಿ ಶುರುವಾದ ಯೂತ್ ಫೋಟೊಗ್ರಫಿಕ್ ಸೊಸೈಟಿಯಲ್ಲಿ ಒಬ್ಬರು ತಂದ ಪ್ರಿಂಟನ್ನು ಹತ್ತು ಜನ ನೋಡಿ ತಿದ್ದುವ ಪದ್ಧತಿ ಬೆಳೆಯಿತು. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಅವರ ಕಪ್ಪು-ಬಿಳುಪು ಆನೆಗಳನ್ನು ಇಂದಿಗೂ ಜನ ನೆನೆಯುತ್ತಾರೆ. ಮೂಡಿಗೆರೆಯಲ್ಲಿ ಕಾಫಿ ತೋಟದ ನಡುವೆ ಕೂತು ಹಕ್ಕಿಗಳಿಗೆ ಕಾದ ಪೂರ್ಣಚಂದ್ರ ತೇಜಸ್ವಿ ‘ಕನ್ನಡ ನಾಡಿನ ಹಕ್ಕಿಗಳು’ ಬರೆದು, ಓದುಗರ ಕೈಗೆ ದುರ್ಬೀನು ಕೊಟ್ಟಂತೆ ಮಾಡಿದರು.

ಆದರೆ ಪಾಳು ಗೋಡೆಯ ಚಿತ್ರಕ್ಕೂ ಹಕ್ಕಿಯ ಚಿತ್ರಕ್ಕೂ ಒಂದು ವಿಷಯದಲ್ಲಿ ತದ್ವಿರುದ್ಧ ನಿಯಮ: ಗೋಡೆಯ ಜಾಗ ಹೇಳಬೇಕು, ಗೂಡಿನ ಜಾಗ ಮುಚ್ಚಿಡಬೇಕು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಗೂಬೆಯ ಚಿತ್ರ ಬಿದ್ದರೆ ಸಾಕು, ‘ಸೂಪರ್ ಸಾರ್’ ಎಂಬುದರ ಹಿಂದೆಯೇ ಬರುವ ಮಾತು ‘ಲೊಕೇಶನ್ ಕಳಿಸಿ ಸಾರ್’. ಕಳಿಸಿದರೆ ಮುಂದಿನ ಶನಿವಾರ ಆ ಮರದ ಕೆಳಗೆ ಇಪ್ಪತ್ತು ಜನ. ಗೂಡು ಚೆನ್ನಾಗಿ ಕಾಣಲಿ ಎಂದು ಅಡ್ಡ ಬಂದ ರೆಂಬೆಯನ್ನು ಸರಿಸಿದರೆ ಮರಿಗಳಿಗೆ ನೆರಳೂ ಹೋಯಿತು, ಮರೆಯೂ ಹೋಯಿತು. ಕಾಗೆಗೆ ದಾರಿ ತೆರೆಯಿತು. ಪ್ರಕೃತಿ ವಿಭಾಗದ ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸದಿರುವುದು ಇದಕ್ಕೇ. ಜೀವಿಗಳ ಚಿತ್ರ ದಾಖಲಿಸುವ ಐನ್ಯಾಚುರಲಿಸ್ಟ್ ತಾಣವೂ ಅಪಾಯದಲ್ಲಿರುವ ಜೀವಿಗಳ ನಿಖರ ಜಾಗವನ್ನು ಬಹಿರಂಗ ಮಾಡುವುದಿಲ್ಲ. ಸರಿಸುಮಾರು ಇಪ್ಪತ್ತು ಕಿಲೋಮೀಟರ್ ಉದ್ದಗಲದ ಚೌಕದೊಳಗೆ ಎಲ್ಲೋ ಒಂದು ಚುಕ್ಕಿ ತೋರಿಸಿ ಸುಮ್ಮನಾಗುತ್ತದೆ. ತಿಂಗಳು, ಇಸವಿ ಉಳಿಯುತ್ತವೆ, ಜಾತಿ ಉಳಿಯುತ್ತದೆ, ಮರ ಮಾತ್ರ ಯಾರಿಗೂ ಸಿಗುವುದಿಲ್ಲ.

ಇಲ್ಲಿ ಒಂದು ಬೇಸರದ ಸಂಗತಿ ಹೇಳಲೇಬೇಕು. ಹಂಚಿಕೊಳ್ಳುವ ಅವಸರದಲ್ಲಿ ಹವ್ಯಾಸಿಗಳಲ್ಲಿ ಅನೇಕರು ಈ ನಿಯಮವನ್ನು ಉಲ್ಟಾ ಮಾಡುತ್ತಿದ್ದಾರೆ. ಗೂಡಿನ ಲೊಕೇಶನ್ ಕೇಳಿದವರಿಗೆಲ್ಲ ಹೋಗುತ್ತದೆ. ಪಾಳು ಮಂಟಪದ ಚಿತ್ರಕ್ಕೋ ಊರಿನ ಹೆಸರೂ ಇಲ್ಲ, ತಿಂಗಳೂ ಇಲ್ಲ. ಬಣ್ಣ ಏರಿಸಿ, ಆಕಾಶ ಬದಲಿಸಿ, ಕೆಳಗೆ ಎರಡು ಸಾಲು ವಿಷಾದ ಬರೆದು ಬಿಟ್ಟಿರುತ್ತಾರೆ. ಆಕಾಶ ಬದಲಾದರೆ ಆ ದಿನದ ಬೆಳಕು ಹೋಯಿತು. ಊರಿನ ಹೆಸರಿಲ್ಲದಿದ್ದರೆ ನಾಳೆ ಮತ್ತೊಬ್ಬ ಗಾಲಿಂಗ್ಸ್ ಬಂದರೂ ನಿಲ್ಲಬೇಕಾದ ಜಾಗ ಸಿಗುವುದಿಲ್ಲ. ಮೊಬೈಲ್ ತಾನಾಗಿ ಬರೆದಿಟ್ಟ ದಿನ, ಗಂಟೆ, ಅಕ್ಷಾಂಶಗಳು ಕೂಡ ಗ್ರೂಪಿನಿಂದ ಗ್ರೂಪಿಗೆ ಹಾರುವಾಗ ಕಳಚಿ ಬೀಳುತ್ತವೆ. ಮೂಲ ಫೈಲನ್ನು ಬೇರೆ ಕಡೆ ಜೋಪಾನ ಮಾಡಿ, ಹೆಸರಿನಲ್ಲೇ ಊರು, ತಾರೀಖು ಬರೆದಿಡುವುದು ಎರಡು ನಿಮಿಷದ ಕೆಲಸ.

ಶೆಟ್ಟಿಹಳ್ಳಿಗೆ ಹೋಗುವವರು ಗಾಲಿಂಗ್ಸ್ ಮಾಡಿದಂಥ ಕೆಲಸವನ್ನು ಸುಲಭವಾಗಿ ಮಾಡಬಹುದು. ಹಳೆಯ ಚಿತ್ರವೊಂದನ್ನು ಮೊಬೈಲಿಗೆ ಇಳಿಸಿಕೊಂಡು, ಚರ್ಚಿನ ಗೋಡೆಯಿಂದ ಹಿಂದೆ ಹಿಂದೆ ನಡೆಯಬೇಕು. ಎಡಗಡೆಯ ಕಮಾನು ಪರದೆಯ ಕಮಾನಿನ ಜೊತೆ ಸೇರುವವರೆಗೆ ಒಂದೆರಡು ಹೆಜ್ಜೆ ಆಚೆ, ಒಂದೆರಡು ಹೆಜ್ಜೆ ಈಚೆ. ಕುಸಿದ ಭಾಗ ಪರದೆಯಲ್ಲಿ ಇನ್ನೂ ನಿಂತಿರುತ್ತದೆ, ಎದುರಿಗೆ ಬರಿ ಆಕಾಶ. ಅಲ್ಲಿಂದಲೇ ಒಂದು ಚಿತ್ರ ತೆಗೆಯಬೇಕು. ಮಳೆ ಹಿಡಿದು ಹೇಮಾವತಿ ಏರತೊಡಗಿದರೆ, ಕಾಲಿಟ್ಟು ನಿಂತಿದ್ದ ಆ ಕೆಸರು ನೀರಿನಡಿ ಹೋಗುತ್ತದೆ; ಮತ್ತೆ ಅಲ್ಲೇ ನಿಲ್ಲಲು ಮುಂದಿನ ಬೇಸಿಗೆಯವರೆಗೆ ಕಾಯಬೇಕು.