ಸೆಟೆದ ಕಾಲನ್ನು ಎಳೀಬೇಡಿ, ಕಾರಣ ಹುಡುಕಿ

2024ರ ಫೆಬ್ರವರಿ 16. ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಬಜೆಟ್ ಓದ್ತಾ ಇದ್ರು. ಎಲ್ಲರ ಕಣ್ಣೂ ಗ್ಯಾರಂಟಿ ಲೆಕ್ಕದ ಮೇಲೆ, ಸಾಲದ ಲೆಕ್ಕದ ಮೇಲೆ. ಆ ದಪ್ಪ ಪುಸ್ತಕದೊಳಗೆ ಒಂದು ಸಣ್ಣ ಘೋಷಣೆ ಇತ್ತು. ಎಷ್ಟು ಜನ ಗಮನಿಸಿದ್ರಿ? ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ.

ಮೊದಲ ಮೂರು ಹೆಸರನ್ನು ಎಲ್ಲೋ ಕೇಳಿರ್ತೀರಿ. ನಾಲ್ಕನೆಯದು? ಮಲ್ಟಿಪಲ್ ಸ್ಕ್ಲೆರೋಸಿಸ್, ಡಾಕ್ಟರುಗಳ ಬಾಯಲ್ಲಿ ಎಂಎಸ್. ಇವತ್ತು ಮಾತಾಡಬೇಕಿರೋದು ಈ ಕಾಯಿಲೆಯ ಒಂದೇ ಒಂದು ಕಾಟದ ಬಗ್ಗೆ. ರಾತ್ರಿ ಎರಡು ಗಂಟೆಗೆ ಕಾಲು ಇದ್ದಕ್ಕಿದ್ದಂತೆ ಕೊರಡಿನ ಹಾಗೆ ಸೆಟೆದುಕೊಳ್ಳುತ್ತೆ. ನೋವಿಗೆ ಮನುಷ್ಯ ಕಿರುಚಿಕೊಳ್ತಾನೆ. ಮನೆಮಂದಿಯೆಲ್ಲ ಎದ್ದು ಕೂರ್ತಾರೆ. ಆಗ ಏನು ಮಾಡಬೇಕು?

ಮೊದಲು ಒಳಗೆ ಏನಾಗುತ್ತೆ ನೋಡೋಣ. ಮೆದುಳಿನಿಂದ ಬೆನ್ನುಹುರಿ ಮೂಲಕ ಕಾಲಿಗೆ ಸಂದೇಶ ಒಯ್ಯೋದು ನರಗಳು. ಕರೆಂಟ್ ವೈರಿನ ಮೇಲೆ ಪ್ಲಾಸ್ಟಿಕ್ ಕವಚ ಇರುತ್ತಲ್ಲ, ಹಾಗೆ ಈ ನರಗಳ ಮೇಲೂ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಆ ಹೊದಿಕೆಯನ್ನು ಅಲ್ಲಲ್ಲಿ ಕಿತ್ತುಹಾಕೋದೇ ಎಂಎಸ್. 1868ರಲ್ಲಿ ಪ್ಯಾರಿಸ್‌ನ ವೈದ್ಯ ಶಾರ್ಕೋ ಇದನ್ನು ಒಂದು ಪ್ರತ್ಯೇಕ ಕಾಯಿಲೆ ಎಂದು ವಿವರಿಸಿದರು. ಇವತ್ತು ಜಗತ್ತಿನಲ್ಲಿ 28 ಲಕ್ಷಕ್ಕೂ ಹೆಚ್ಚು ಜನರಿಗೆ ಇದು ಇದೆ. ಸಾಮಾನ್ಯವಾಗಿ ಶುರುವಾಗೋದು 20ರಿಂದ 40ರ ವಯಸ್ಸಿನಲ್ಲಿ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅಂದ್ರೆ ಕೆಲಸಕ್ಕೆ ಸೇರಿ, ಮದುವೆಯಾಗಿ, ಮಕ್ಕಳನ್ನು ಎತ್ತಿ ಆಡಿಸುವ ಕಾಲಕ್ಕೇ ಬಂದು ಬೀಳುತ್ತೆ.

ಇನ್ನು ಕಾಲು ಸೆಟೆಯೋದು ಯಾಕೆ? ಸ್ನಾಯುವಿಗೆ 'ಬಿಗಿ' ಅನ್ನೋ ಆಜ್ಞೆ ಎಷ್ಟು ಮುಖ್ಯವೋ 'ಸಾಕು, ಸಡಿಲಾಗು' ಅನ್ನೋ ಆಜ್ಞೆಯೂ ಅಷ್ಟೇ ಮುಖ್ಯ. ಹೊದಿಕೆ ಹರಿದ ನರದಲ್ಲಿ ಈ ಎರಡನೇ ಆಜ್ಞೆ ಕೆಳಗೆ ತಲುಪೋದೇ ಇಲ್ಲ. ಬಿಗಿದ ಸ್ನಾಯು ಬಿಗಿದೇ ಇರುತ್ತೆ. ಸಣ್ಣ ಕಾರಣಕ್ಕೂ ಜಿಗಿದು ಹಿಡಿದುಕೊಳ್ಳುತ್ತೆ. ಇದು ವಾತ ಅಲ್ಲ, ಗಾಳಿ ಸೋಂಕಲ್ಲ, ಕೆಲಸ ತಪ್ಪಿಸಿಕೊಳ್ಳೋ ನಾಟಕ ಮೊದಲೇ ಅಲ್ಲ. ಬೆಳಗ್ಗೆ ನಡೆದಾಡಿದ ಸೊಸೆ ಮಧ್ಯಾಹ್ನ ಎದ್ದು ನಿಲ್ಲಲಾರಳು ಅಂದ್ರೆ ಅವಳನ್ನು ಅನುಮಾನಿಸಬೇಡಿ. ಈ ಕಾಯಿಲೆಯ ಸ್ವಭಾವವೇ ಹಾಗೆ.

ಸರಿ, ಕಾಲು ಸೆಟೆದಿದೆ. ನಮ್ಮ ಕೈ ತಕ್ಷಣ ಮಾಡೋ ಕೆಲಸ ಏನು? ಜಗ್ಗೋದು, ಗಟ್ಟಿಯಾಗಿ ತಿಕ್ಕೋದು. ದಯವಿಟ್ಟು ಮಾಡಬೇಡಿ. ರಭಸದಿಂದ ಎಳೆದಷ್ಟೂ ಸ್ನಾಯು ಇನ್ನಷ್ಟು ಬಿಗಿಯುತ್ತೆ. ಕಾಲು ನೆಟ್ಟಗೆ ಸೆಟೆದಿದ್ರೆ ಒಂದು ಕೈ ಮಂಡಿಯ ಕೆಳಗೆ, ಇನ್ನೊಂದು ಕೈ ಹಿಮ್ಮಡಿಗೆ ಕೊಟ್ಟು ನಿಧಾನವಾಗಿ ಮಂಡಿ ಮಡಿಸಿ, ಹಾಗೇ ಹಿಡಿದಿರಿ. ಅದು ತಾನಾಗಿ ಸಡಿಲಾಗೋವರೆಗೆ ಕಾಯಿರಿ. ಒಂದು ಮಗ್ಗುಲಿಗೆ ಮಲಗಿಸಿ ಎರಡು ಮಂಡಿಗಳ ನಡುವೆ ದಿಂಬು ಇಟ್ಟರೆ ಹಲವರಿಗೆ ಆರಾಮ. ಗಾಲಿಕುರ್ಚಿಯಲ್ಲಿ ಕೂತಿದ್ದಾಗ ಬಂದರೆ ಮೊದಲು ಮನುಷ್ಯ ಜಾರಿ ಬೀಳದಂತೆ ಹಿಡಿದುಕೊಳ್ಳಿ. ಬಿಸಿನೀರಿನ ಬ್ಯಾಗ್ ಇಡಬೇಡಿ. ಚರ್ಮದ ಸ್ಪರ್ಶಜ್ಞಾನ ಕಡಿಮೆ ಇದ್ದರೆ ಸುಟ್ಟದ್ದೂ ಗೊತ್ತಾಗಲ್ಲ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ದಿನಕ್ಕೊಮ್ಮೆ ಬರ್ತಿದ್ದ ಸೆಳೆತ ಈ ವಾರ ಐದು ಸಲ ಬರ್ತಿದೆ. ಕಾಯಿಲೆ ಜಾಸ್ತಿ ಆಯ್ತು ಅಂತ ಗಾಬರಿ ಬೀಳೋ ಮೊದಲು ಹುಡುಕಿ. ಮೂತ್ರದ ಸೋಂಕು ಇದೆಯಾ? ಮೂರು ದಿನದಿಂದ ಮಲಬದ್ಧತೆ ಇದೆಯಾ? ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು ಶುರುವಾಗಿದೆಯಾ? ಕಾಲ್ಬೆರಳಿನ ಉಗುರು ಒಳಗೆ ಬೆಳೆದಿದೆಯಾ? ಚಪ್ಪಲಿ, ಲಾಡಿ ಬಿಗಿಯಾಗಿದೆಯಾ? ಆರೋಗ್ಯವಂತನಿಗೆ ಇವೆಲ್ಲ ನೋವಾಗಿ ಗೊತ್ತಾಗುತ್ತವೆ. ಎಂಎಸ್ ಇರುವವರಿಗೆ ಎಷ್ಟೋ ಸಲ ಆ ನೋವೇ ತಿಳಿಯಲ್ಲ. ಬದಲಿಗೆ ಕಾಲು ಸೆಟೆಯುತ್ತೆ. ಕಾರಣ ಸರಿಪಡಿಸಿದರೆ, ಮಾತ್ರೆಯ ಡೋಸ್ ಏರಿಸದೆಯೇ ಸೆಳೆತ ತಗ್ಗುವುದುಂಟು.

ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯವರಿಗೆ ಇನ್ನೊಂದು ಕಾರಣ ತಲೆ ಮೇಲೇ ಇದೆ. ಬಿಸಿಲು! ಏಪ್ರಿಲ್, ಮೇನಲ್ಲಿ ಪಾದರಸ 40 ಡಿಗ್ರಿ ಮುಟ್ಟುವ ಸೀಮೆ ಇದು. ಹಂಪಿಯ ಬಂಡೆಗಳು ಹಗಲು ಕುಡಿದ ಬಿಸಿಯನ್ನು ಹೊತ್ತು ಮುಳುಗಿದ ಮೇಲೂ ಬಿಡ್ತಾ ಇರುತ್ತವೆ. ವ್ಯಾಯಾಮ ಮಾಡಿದಾಗ ಎಂಎಸ್ ರೋಗಿಗಳ ಕಣ್ಣು ಮಂಜಾಗೋದನ್ನು 1890ರಲ್ಲೇ ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ ಬರೆದಿಟ್ಟಿದ್ದರು. ಮೈಯ ಬಿಸಿ ಸ್ವಲ್ಪ ಏರಿದರೂ ಹೊದಿಕೆ ಹರಿದ ನರ ಸಂದೇಶ ಸಾಗಿಸಲು ಸೋಲುತ್ತೆ ಅನ್ನೋದು ಆಮೇಲೆ ತಿಳಿಯಿತು. ಮೈ ತಣಿದರೆ ಸಾಮಾನ್ಯವಾಗಿ ಮತ್ತೆ ಮೊದಲಿನಂತಾಗುತ್ತೆ. ಹಾಗಾಗಿ ಹೆದರಬೇಡಿ, ಹೊತ್ತು ನೋಡಿ ಕೆಲಸ ಮಾಡಿ. ಗದ್ದೆ, ಸಂತೆ, ಅಡುಗೆ ಬೆಳಗಿನ ತಂಪಿನಲ್ಲೇ ಮುಗಿಯಲಿ. ವಿರೂಪಾಕ್ಷನ ದರ್ಶನಕ್ಕೆ ನಸುಕಲ್ಲಿ ಹೋಗಿ. ವಿಜಯ ವಿಠ್ಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿ ಇದೆ, ನಡೆದೇ ಹೋಗ್ತೀನಿ ಅನ್ನೋ ಹಠ ಬೇಡ. ಕುತ್ತಿಗೆಗೆ ಒದ್ದೆ ಟವೆಲ್ ಹಾಕಿಕೊಳ್ಳಿ. ಆದರೆ ಮೈಮೇಲೆ ಒಮ್ಮೆಲೇ ಐಸ್ ನೀರು ಸುರಿಯಬೇಡಿ. ಹಠಾತ್ ಚಳಿಗೂ ಸ್ನಾಯು ಸೆಟೆಯುತ್ತೆ.

ಔಷಧದ ಮಾತು. ಬ್ಯಾಕ್ಲೋಫೆನ್, ಟಿಝಾನಿಡಿನ್ ಎಂಬ ಮಾತ್ರೆಗಳನ್ನು ಡಾಕ್ಟರು ಸಣ್ಣ ಪ್ರಮಾಣದಲ್ಲಿ ಶುರು ಮಾಡಿ ಮೆಲ್ಲಗೆ ಏರಿಸ್ತಾರೆ. ನಿದ್ದೆ, ಸುಸ್ತು ಬರಬಹುದು. ಎಲ್ಲಾ ಬಿಗಿತವನ್ನೂ ಓಡಿಸಬೇಕು ಅಂತ ನೀವೇ ಡೋಸ್ ಹೆಚ್ಚಿಸಿಕೊಳ್ಳಬೇಡಿ. ಎಷ್ಟೋ ಜನ ಎದ್ದು ನಿಲ್ಲೋದೇ ಆ ಬಿಗಿತದ ಬಲದಿಂದ. ಅದು ಪೂರ್ತಿ ಹೋದರೆ ಕಾಲು ಕುಸಿಯುತ್ತೆ. ಅದಕ್ಕಿಂತ ದೊಡ್ಡ ಎಚ್ಚರಿಕೆ: ಬ್ಯಾಕ್ಲೋಫೆನ್ ಅನ್ನು ಯಾವತ್ತೂ ಒಮ್ಮೆಲೇ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಸಂಚಕಾರ ಆಗಬಹುದು. ಮಾತ್ರೆ ಖಾಲಿಯಾಯ್ತು, ಸೋಮವಾರ ತಂದರಾಯ್ತು ಅನ್ನೋ ಉದಾಸೀನ ಇಲ್ಲಿ ನಡೆಯಲ್ಲ. ಒಂದು ವಾರದ ಮಾತ್ರೆ ಯಾವಾಗಲೂ ಮನೆಯಲ್ಲಿ ಹೆಚ್ಚಿಗೆ ಇರಲಿ. ಮಾತ್ರೆಗೆ ಬಗ್ಗದವರಿಗೆ ಬೊಟುಲಿನಂ ಚುಚ್ಚುಮದ್ದು ಇದೆ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಔಷಧ ಬಿಡುವ ಪಂಪ್ ಇದೆ. ಅದು ನರರೋಗ ತಜ್ಞರು ನಿರ್ಧರಿಸೋ ವಿಷಯ. ಇವೆಲ್ಲದರ ಜೊತೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಹಾಗೆ ದಿನಾ ಸ್ನಾಯು ಚಾಚುವ ವ್ಯಾಯಾಮ ತಪ್ಪಿಸಬೇಡಿ.

ತಜ್ಞರು ಎಲ್ಲಿದ್ದಾರೆ ಸ್ವಾಮಿ ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. 2021ರಲ್ಲಿ ವಿಜಯನಗರ ರಾಜ್ಯದ 31ನೇ ಜಿಲ್ಲೆಯಾಯ್ತು, ಹೊಸಪೇಟೆ ಜಿಲ್ಲಾ ಕೇಂದ್ರವಾಯ್ತು. ಆದರೂ ಬೆಂಗಳೂರಿನ ನಿಮ್ಹಾನ್ಸ್ 300 ಕಿಲೋಮೀಟರ್ ಆಚೆಗೇ ಇದೆ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಬಳ್ಳಾರಿಯಲ್ಲಿದೆ. ರಾತ್ರಿಯೆಲ್ಲ ರೈಲಿನಲ್ಲಿ ಕಾಲು ಮಡಿಸಿ ಕೂತು ಹೋದವರಿಗೆ ಡಾಕ್ಟರ ಮುಂದೆ ಸಿಗೋದು ಕೆಲವೇ ನಿಮಿಷ. ಆ ನಿಮಿಷ ವ್ಯರ್ಥ ಆಗಬಾರದು ಅಂದ್ರೆ ಒಂದು ನೋಟ್‌ಬುಕ್ ಇಡಿ. ಸೆಳೆತ ಎಷ್ಟು ಗಂಟೆಗೆ ಬಂತು, ಯಾವ ಕಾಲು, ಎಷ್ಟು ಹೊತ್ತು, ಅದಕ್ಕೆ ಮೊದಲು ಏನು ಮಾಡ್ತಿದ್ರಿ, ಬರೆದಿಡಿ. ಮೊಬೈಲ್‌ನಲ್ಲಿ ವಿಡಿಯೋ ತೆಗೆದಿಡಿ. ನೂರು ಮಾತಿಗಿಂತ ಅದು ಹೆಚ್ಚು ಹೇಳುತ್ತೆ. ಆದರೆ ಜ್ವರದ ಜೊತೆ ಗೊಂದಲ, ಮೂತ್ರ ಕಟ್ಟಿಕೊಳ್ಳೋದು, ಕೈಕಾಲಲ್ಲಿ ಹೊಸದಾಗಿ ಶಕ್ತಿಹೀನತೆ ಕಂಡರೆ ನೋಟ್‌ಬುಕ್ ಬದಿಗಿಡಿ, ಹತ್ತಿರದ ಆಸ್ಪತ್ರೆಗೆ ಓಡಿ.

ಕಾನೂನೂ ನಿಮ್ಮ ಕಡೆ ಇದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಇದ್ದದ್ದು ಏಳೇ ವಿಧದ ವೈಕಲ್ಯ. ಎಂಎಸ್ ಅದರಲ್ಲಿ ಇರಲಿಲ್ಲ. 2016ರ ಹೊಸ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿತು. ಅದರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಹಿಡಿದೇ ಸೇರಿದೆ. ವೈಕಲ್ಯದ ಪ್ರಮಾಣಪತ್ರಕ್ಕೆ, ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರನ್ನು ಹಿಡಿದು ಕೇಳಿ. ಆ 1,000 ರೂಪಾಯಿ ಬಗ್ಗೆಯೂ ಕೇಳಿ.

ಸಾವಿರ ರೂಪಾಯಿ ಅಂದ್ರೆ ದಿನಕ್ಕೆ 33 ರೂಪಾಯಿ ಚಿಲ್ಲರೆ. ನಿದ್ದೆಗೆಟ್ಟು ಕಾಲು ಹಿಡಿದು ಕೂರೋ ಹೆಂಡತಿಗೆ, ತಾಯಿಗೆ, ಗಂಡನಿಗೆ ಇದು ಸಾಕಾ? ಸಾಲಲ್ಲ. ಆದರೆ ಸರ್ಕಾರದ ಪುಸ್ತಕ ಅವರ ಕಡೆ ತಿರುಗಿ ನೋಡಿದೆ, ಅದನ್ನು ಒಪ್ಪೋಣ. ಇನ್ನು ಮುಂದಿನ ಪ್ರಶ್ನೆ ನಮ್ಮದು. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಇದ್ದಾರಾ? ಔಷಧಾಲಯದಲ್ಲಿ ಬ್ಯಾಕ್ಲೋಫೆನ್ ಸಿಗುತ್ತಾ? ಮನೆಯಲ್ಲಿ ರೋಗಿ ಇರಲಿ, ಇಲ್ಲದಿರಲಿ, ಮುಂದಿನ ಸಲ ಆ ಕಡೆ ಹೋದಾಗ ಒಂದು ಮಾತು ಕೇಳಿ. ನಾಲ್ಕು ಜನ ಕೇಳಿದರೆ ತಾನೇ ಅಲ್ಲಿರೋರು ಮೇಲಿನವರಿಗೆ ಬರೆಯೋದು?