ಖಡಿ ಗಣಿ ದೊಡ್ಡದಾಗುವ ಮುನ್ನ
ಜಮಖಂಡಿ ಸೀಮೆಯಲ್ಲಿ ಗರಸು-ಕಲ್ಲು ಗಣಿಗಳ ವಿಸ್ತರಣೆಗೆ ಇರುವ ಭೂಬಳಕೆ ನಿಯಮಗಳು

ಗರಸು ಅಥವಾ ಖಡಿ ತೆಗೆಯುವ ಗಣಿ ಮೂರು ಬಗೆಯಲ್ಲಿ ದೊಡ್ಡದಾಗುತ್ತದೆ. ಪಕ್ಕದ ಸರ್ವೆ ನಂಬರಿಗೆ ಹರಡಿಕೊಳ್ಳಬಹುದು, ಇದ್ದಲ್ಲೇ ಆಳಕ್ಕೆ ಇಳಿಯಬಹುದು, ಇಲ್ಲವೇ ವರ್ಷಕ್ಕೆ ತೆಗೆಯುವ ಟನ್ನು ಏರಬಹುದು. ಹೊರಗಿನಿಂದ ನೋಡುವವರಿಗೆ ಮೊದಲನೆಯದು ಮಾತ್ರ ವಿಸ್ತರಣೆಯಂತೆ ಕಾಣುತ್ತದೆ, ಕಾನೂನು ಮೂರನ್ನೂ ವಿಸ್ತರಣೆಯೆಂದೇ ಎಣಿಸುತ್ತದೆ. ಗುತ್ತಿಗೆ ಪತ್ರ, ಗಣಿ ಯೋಜನೆ ಮತ್ತು ಪರಿಸರ ಅನುಮತಿಗಳಲ್ಲಿ ಗಡಿ, ಆಳ, ಪ್ರಮಾಣ ನಮೂದಾಗಿರುತ್ತವೆ. ಅವುಗಳಲ್ಲಿ ಯಾವುದನ್ನು ದಾಟಬೇಕಾದರೂ ಹಳೆಯ ಕಾಗದ ಸಾಲದು. ಹೊಸ ಜಮೀನಾದರೆ ಅದು ಮೊದಲ ಗಣಿಗೆ ನಡೆದಷ್ಟೇ ಪರೀಕ್ಷೆಯನ್ನು ಮತ್ತೊಮ್ಮೆ ಎದುರಿಸಬೇಕು.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಬಿಗಿಯಾಗಲು ನೆಲವೇ ಕಾರಣ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರು ಮುಟ್ಟಿದ ಕಡೆಯೆಲ್ಲ ಕಬ್ಬು ನಿಂತಿದೆ. ಬೀಳಗಿ ತಾಲ್ಲೂಕಿನ ನದಿದಂಡೆಯ ಭೂಮಿ ಆಲಮಟ್ಟಿ ಹಿನ್ನೀರಿಗೆ ಸಾಕಷ್ಟು ಹೋಗಿದೆ. ಜಮಖಂಡಿ-ಬನಹಟ್ಟಿ ಕಡೆ ದಖ್ಖನ್ನಿನ ಕಪ್ಪುಕಲ್ಲು ಸಿಗುತ್ತದೆ. ಮುಧೋಳ, ಲೋಕಾಪುರ, ಬೀಳಗಿಯ ಕಡೆ ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹ ಎನ್ನುವ ಬಿಳಿಗಲ್ಲು, ಸುಣ್ಣದಕಲ್ಲು, ಪದರಗಲ್ಲುಗಳಿವೆ. ಸಿಮೆಂಟ್ ಕಾರ್ಖಾನೆಗೆ ಹೋಗುವ ಸುಣ್ಣದಕಲ್ಲು ಪ್ರಧಾನ ಖನಿಜವಾದ್ದರಿಂದ ಅದರ ದಾರಿ ಬೇರೆ. ರಸ್ತೆಗೆ ಹಾಸುವ ಗರಸು, ಕಾಂಕ್ರೀಟಿಗೆ ಬೀಳುವ ಖಡಿ, ಎಂ-ಸ್ಯಾಂಡ್‌ಗೆ ಬೇಕಾದ ಕಟ್ಟಡ ಕಲ್ಲು ಉಪಖನಿಜಗಳ ಸಾಲಿಗೆ ಸೇರುತ್ತವೆ. ಇವು ಸಿಗುವುದು ಹೆಚ್ಚಾಗಿ ಬೆಳೆ ಕಡಿಮೆಯಿರುವ ಮಡ್ಡಿ ನೆಲದಲ್ಲಿ. ಊರಿನ ದನ-ಕುರಿ ಮೇಯುವುದೂ ಅಲ್ಲಿಯೇ.

1957ರ ಗಣಿ ಮತ್ತು ಖನಿಜ ಕಾಯ್ದೆಯ 15ನೇ ಕಲಂ ಉಪಖನಿಜಗಳ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಅದರಂತೆ ಬಂದದ್ದು ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು, 1994. ಸರ್ಕಾರಿ ಜಮೀನಿನಲ್ಲಿ ಗಣಿ ಗುತ್ತಿಗೆ ಈಗ ಸಾಮಾನ್ಯವಾಗಿ ಹರಾಜಿನಲ್ಲಿ ಹೋಗುತ್ತದೆ. ಪಟ್ಟಾ ಜಮೀನಾದರೆ ಮಾಲೀಕರು ಅಥವಾ ಅವರ ಒಪ್ಪಿಗೆ ಪಡೆದವರು ಅರ್ಜಿ ಹಾಕುತ್ತಾರೆ. ಹೀಗಾಗಿ ಗಣಿಯ ಪಕ್ಕದಲ್ಲಿ ಸರ್ಕಾರಿ ಪಡಾ ಜಮೀನಿದ್ದ ಮಾತ್ರಕ್ಕೆ ಹಳೆಯ ಗುತ್ತಿಗೆದಾರರಿಗೆ ಅದರ ಮೇಲೆ ಹಕ್ಕು ಹುಟ್ಟುವುದಿಲ್ಲ. ಅರ್ಜಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗುತ್ತದೆ. ಕಂದಾಯ ಮತ್ತು ಅರಣ್ಯ ಇಲಾಖೆಗಳ ಅಭಿಪ್ರಾಯ ಬಂದ ಮೇಲೆಯೇ ಕಡತ ಮುಂದೆ ಸರಿಯುತ್ತದೆ.

ಉತಾರ ಹೇಳುವುದೇನು?

ಜಮೀನಿನ ಪರೀಕ್ಷೆ ಉತಾರದಿಂದ ಶುರುವಾಗುತ್ತದೆ. ಅದರಲ್ಲಿ ಜಮೀನು ಕೃಷಿ ಎಂದಿದ್ದರೆ, ಬೇರೆ ಉದ್ದೇಶಕ್ಕೆ ಬಳಸಲು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನಡಿ ಜಿಲ್ಲಾಧಿಕಾರಿಯ ಅನುಮತಿ ಬೇಕು. ಜನರ ಮಾತಿನಲ್ಲಿ ಇದಕ್ಕೆ ‘ಎನ್.ಎ. ಮಾಡಿಸುವುದು’ ಎನ್ನುತ್ತಾರೆ. ಪರಿಶಿಷ್ಟ ಜಾತಿ-ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಅಂಥ ಜಮೀನನ್ನು ಇನ್ನೊಬ್ಬರಿಗೆ ಪರಭಾರೆ ಮಾಡುವಂತಿಲ್ಲ. ಅರಣ್ಯ ಎಂದು ದಾಖಲಾಗಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಒಪ್ಪಿಗೆಯಿಲ್ಲದೆ ಗುದ್ದಲಿ ಹಾಕುವಂತಿಲ್ಲ.

ಈ ಸೀಮೆಯಲ್ಲಿ ಹೆಚ್ಚು ತಕರಾರು ಏಳುವುದು ಗಾಯರಾಣ ಜಮೀನಿನ ಸುತ್ತ. ಭೂಕಂದಾಯ ನಿಯಮಗಳು, 1966ರ 97ನೇ ನಿಯಮದಂತೆ ಊರಿನ ಪ್ರತಿ 100 ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಹುಲ್ಲುಗಾವಲು ಉಳಿಯಬೇಕು. ಆದ್ದರಿಂದ ಗಾಯರಾಣದ ಮಗ್ಗುಲಿಗೆ ಗಣಿ ಹರಡುವ ಪ್ರಸ್ತಾವ ಬಂದಾಗ ಮೊದಲು ಕೇಳಬೇಕಾದದ್ದು ಊರಿನಲ್ಲಿ ದನಗಳೆಷ್ಟು, ಉಳಿದ ಗಾಯರಾಣ ಎಷ್ಟು ಎಂಬ ಲೆಕ್ಕ.

ಊರಿನ ಅಂಚಿನ ಜಮೀನಿಗೆ ಇನ್ನೊಂದು ಪರೀಕ್ಷೆಯಿದೆ. ಪಟ್ಟಣದ ಸುತ್ತ ಯೋಜನಾ ಪ್ರದೇಶ ಘೋಷಣೆಯಾಗಿದ್ದರೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರಂತೆ ಮಹಾಯೋಜನೆಯ ನಕಾಶೆಯೇ ಪ್ರಮಾಣ. ಅದರಲ್ಲಿ ವಸತಿ ಅಥವಾ ಕೃಷಿ ವಲಯವೆಂದು ಬಣ್ಣ ಹಚ್ಚಿದ ಜಾಗದಲ್ಲಿ ಬೇರೆ ಬಳಕೆ ಬೇಕಾದರೆ ಭೂಬಳಕೆ ಬದಲಾವಣೆಗೆ ಪ್ರತ್ಯೇಕ ಅರ್ಜಿ ಹಾಕಬೇಕು.

ಎಷ್ಟು ದೂರ?

ಗಣಿ ಪಕ್ಕದ ಹೊಲಕ್ಕೆ ಅಂಟಿಕೊಂಡು ಇಳಿಯುವಂತಿಲ್ಲ. ಲೋಹೇತರ ಖನಿಜಗಳಿಗೂ ಅನ್ವಯವಾಗುವ 1961ರ ಗಣಿ ವಿನಿಯಮಗಳು ಗಡಿಯಿಂದ 7.5 ಮೀಟರ್ ಜಾಗವನ್ನು ಅಗೆಯದೆ ಬಿಡಬೇಕೆನ್ನುತ್ತವೆ. ಪಕ್ಕದ ಜಮೀನು ಗುತ್ತಿಗೆಗೆ ಸೇರಿದರೆ ಈ ಪಟ್ಟಿ ಹೊಸ ಗಡಿಗೆ ಜರುಗುತ್ತದೆ, ಇಲ್ಲವಾಗುವುದಿಲ್ಲ. ಮನೆ, ಸಾರ್ವಜನಿಕ ಕಟ್ಟಡಗಳಿಂದ ಕಲ್ಲುಗಣಿ ಇರಬೇಕಾದ ಕನಿಷ್ಠ ದೂರವನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಶಿಫಾರಸು ಮಾಡಿತು. ಸ್ಫೋಟವಿಲ್ಲದ ಗಣಿಗೆ 100 ಮೀಟರ್, ಸ್ಫೋಟ ನಡೆಸುವ ಗಣಿಗೆ 200 ಮೀಟರ್. ಗಣಿ ಊರಿನತ್ತ ಬೆಳೆದಾಗ ಈ ಅಳತೆಯನ್ನು ಹೊಸ ಅಂಚಿನಿಂದ ತೆಗೆಯಬೇಕು.

ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಿಗೆ ಇದಕ್ಕಿಂತ ಗಟ್ಟಿಯಾದ ಗೆರೆಯೊಂದಿದೆ. ಇಲ್ಲಿನ ಗುಡ್ಡಗಾಡಿನ ಕುರುಚಲು ಕಾಡು 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮವಾಯಿತು. ಇದರ ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರ್. ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿ ಧಾಮಗಳ ಒಳಗೂ ಅವುಗಳ ಗಡಿಯಿಂದ 1 ಕಿಲೋಮೀಟರ್ ವರೆಗೂ ಗಣಿಗಾರಿಕೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 26ರಂದು ಹೇಳಿದೆ. ಧಾಮದತ್ತ ಸಾಗುವ ಗಣಿಗೆ ಈ ಗೆರೆಯಲ್ಲಿ ರಿಯಾಯಿತಿಯಿಲ್ಲ.

ಪರಿಸರ ಅನುಮತಿ ಮತ್ತು ಊರಿನವರ ಮಾತು

ಒಂದು ಕಾಲಕ್ಕೆ 5 ಹೆಕ್ಟೇರಿಗಿಂತ ಚಿಕ್ಕ ಗಣಿಗಳಿಗೆ ಪರಿಸರ ಅನುಮತಿ ಬೇಕಿರಲಿಲ್ಲ. ದೊಡ್ಡ ಪ್ರದೇಶವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಗುತ್ತಿಗೆ ಕೊಡುವ ರೂಢಿ ಇದರಿಂದ ಬೆಳೆಯಿತು. ದೀಪಕ್ ಕುಮಾರ್ ವಿರುದ್ಧ ಹರಿಯಾಣ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಫೆಬ್ರವರಿ 27ರಂದು ಆ ದಾರಿಯನ್ನು ಮುಚ್ಚಿತು. ಈಗ 5 ಹೆಕ್ಟೇರಿನೊಳಗಿನ, ಅಂದರೆ ಸುಮಾರು 12 ಎಕರೆ 14 ಗುಂಟೆಯೊಳಗಿನ ಗಣಿಗೂ ಅನುಮತಿ ಬೇಕು. ರಾಜ್ಯ ಮಟ್ಟದ ಪರಿಸರ ಆಘಾತ ಅಂದಾಜು ಪ್ರಾಧಿಕಾರ ಅದನ್ನು ಪರಿಶೀಲಿಸುತ್ತದೆ.

ವಿಸ್ತರಣೆಯಲ್ಲಿ ನಿರ್ಣಾಯಕವಾಗುವುದು ಗುಂಪು ಲೆಕ್ಕ. ಒಂದರ ಅಂಚಿನಿಂದ ಇನ್ನೊಂದರ ಅಂಚಿಗೆ 500 ಮೀಟರಿನೊಳಗಿರುವ ಗಣಿಗಳನ್ನು ಒಟ್ಟು ಸೇರಿಸಿ ಎಣಿಸಲಾಗುತ್ತದೆ. ಮೊತ್ತ 5 ಹೆಕ್ಟೇರ್ ದಾಟಿದರೆ ಪರಿಸರ ಆಘಾತ ವರದಿ ಮತ್ತು ಸಾರ್ವಜನಿಕ ಅಹವಾಲು ಸಭೆ ಬೇಕಾಗುತ್ತವೆ. 4 ಹೆಕ್ಟೇರಿನ ಗಣಿಗೆ 2 ಹೆಕ್ಟೇರ್ ಕೂಡಿಸುವವರು ತಾವಾಗಿಯೇ ಈ ಮಿತಿ ಮೀರುತ್ತಾರೆ. ಅಕ್ಕಪಕ್ಕದಲ್ಲಿ ಬೇರೆಯವರ ಗಣಿಯಿದ್ದರೆ ಅರ್ಧ ಎಕರೆ ಕೂಡಿಸುವುದೂ ಅಷ್ಟೇ ಭಾರವಾಗಬಹುದು.

ಅಹವಾಲು ಸಭೆಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಡಿಸುತ್ತದೆ. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯಾದ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ಅವುಗಳಲ್ಲೊಂದು ಸ್ಥಳೀಯ ಭಾಷೆಯದಾಗಿರಬೇಕು. ಬೋರ್‌ವೆಲ್ ನೀರು ಇಳಿಯುವ ಅಂಜಿಕೆ, ಕಬ್ಬಿನ ಎಲೆಯ ಮೇಲೆ ಕೂರುವ ಧೂಳು, ಸ್ಫೋಟಕ್ಕೆ ಬಿರುಕು ಬಿಡುವ ಗೋಡೆ, ಟಿಪ್ಪರ್ ಓಡಾಟಕ್ಕೆ ಹಾಳಾಗುವ ಹೊಲದ ದಾರಿ ಇವೆಲ್ಲ ಅಲ್ಲಿ ಲಿಖಿತವಾಗಿ ದಾಖಲಾಗಬೇಕಾದ ವಿಷಯಗಳು. ಸಭೆಗೆ ಮತ ಹಾಕಿ ಗಣಿ ನಿಲ್ಲಿಸುವ ಅಧಿಕಾರವಿಲ್ಲ. ಆದರೆ ಎದ್ದ ಪ್ರತಿ ಆಕ್ಷೇಪಕ್ಕೂ ಅರ್ಜಿದಾರರು ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು. ಹಳೆಯ ಅನುಮತಿಯ ಷರತ್ತುಗಳನ್ನು ಪಾಲಿಸಿದ ವರದಿಯೂ ವಿಸ್ತರಣೆಯ ಕಡತದ ಭಾಗ.

ಎಲ್ಲ ಅಗೆತಕ್ಕೂ ಈ ಭಾರವಿಲ್ಲ. ಊರಿನ ರೂಢಿಯಂತೆ ಸ್ವಂತಕ್ಕೆ ಅಥವಾ ಊರ ಕೆಲಸಕ್ಕೆ ಮಣ್ಣು ತೆಗೆಯುವುದು, ಬಾವಿ ತೋಡುವುದು, ಕುಂಬಾರರು ಕೈಯಿಂದ ಜೇಡಿ ತೆಗೆಯುವುದು ಕೇಂದ್ರ ಪರಿಸರ ಸಚಿವಾಲಯದ 2016ರ ಅಧಿಸೂಚನೆಯಂತೆ ಪರಿಸರ ಅನುಮತಿಯಿಂದ ವಿನಾಯಿತಿ ಪಡೆದಿವೆ. ರಸ್ತೆ, ಕೊಳವೆ ಮುಂತಾದ ಉದ್ದನೆಯ ಕಾಮಗಾರಿಗಳಿಗೆ ಸಾಮಾನ್ಯ ಮಣ್ಣು ತೆಗೆಯಲು 2020ರಲ್ಲಿ ಕೊಟ್ಟ ವಿನಾಯಿತಿಯನ್ನು ಮಾತ್ರ ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು ರದ್ದು ಮಾಡಿತು.

ಅನುಮತಿಯ ನಂತರ

ಗರಸು, ಮೊರಂ, ಜೇಡಿಯಂಥ ಸಡಿಲ ನೆಲದಲ್ಲಿ ಬದಿಗಳ ಇಳಿಜಾರು 45 ಡಿಗ್ರಿ ಮೀರಬಾರದು. ಮೆಟ್ಟಿಲು ಕಡಿದು ತೆಗೆಯುವುದಾದರೆ ಒಂದೊಂದು ಮೆಟ್ಟಿಲು 1.5 ಮೀಟರಿಗಿಂತ ಎತ್ತರವಿರಬಾರದು, ಅಗಲ ಎತ್ತರಕ್ಕಿಂತ ಕಡಿಮೆಯಿರಬಾರದು. ಆಳಕ್ಕಿಳಿಯಬೇಕಾದರೆ ಮೇಲೆ ಅಗಲ ಜಾಗ ಬೇಕಾಗುವುದು ಇದರಿಂದಲೇ. ಅಗಲವಿಲ್ಲದೆ ಕೆಳಗಿಳಿದ ಗಣಿಯ ಗೋಡೆ ಕುಸಿಯುತ್ತದೆ. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕಲ್ಲುಗಣಿ ಕುಸಿದು ಕಾರ್ಮಿಕರು ಸತ್ತರು. ಸ್ಫೋಟಕ ಸಾಮಗ್ರಿಯ ಅಪಾಯವನ್ನು 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ನಡೆದ ಸ್ಫೋಟಗಳು ತೋರಿಸಿದವು.

ಗಣಿಯ ಜೊತೆಗೆ ಕ್ರಷರ್ ಕೂಡ ದೊಡ್ಡದಾಗುವುದಿದ್ದರೆ ಅದು ಬೇರೆಯೇ ಪರವಾನಗಿ. ಕರ್ನಾಟಕ ಕಲ್ಲು ಕ್ರಷರ್‌ಗಳ ನಿಯಂತ್ರಣ ಕಾಯ್ದೆ, 2011ರಂತೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಸುರಕ್ಷಿತ ವಲಯವನ್ನು ನೋಡಿ ಅದನ್ನು ಕೊಡುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯೂ ಬೇಕು.

ಮಿತಿ ಮೀರಿದರೆ ಬೀಳುವ ಹೊರೆ ಚಿಕ್ಕದಲ್ಲ. 1957ರ ಕಾಯ್ದೆಯ 21ನೇ ಕಲಂ ಅಕ್ರಮ ಗಣಿಗಾರಿಕೆಗೆ 5 ವರ್ಷದವರೆಗೆ ಜೈಲು ಮತ್ತು ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಪರಿಸರ ಅನುಮತಿಯ ಪ್ರಮಾಣ ಮೀರಿ ತೆಗೆದ ಖನಿಜದ ಪೂರ್ತಿ ಬೆಲೆಯನ್ನು ವಸೂಲಿ ಮಾಡಬಹುದೆಂದು ಸುಪ್ರೀಂ ಕೋರ್ಟ್ ಒಡಿಶಾದ ಅದಿರು ಗಣಿಗಳ ಪ್ರಕರಣದಲ್ಲಿ 2017ರ ಆಗಸ್ಟ್ 2ರಂದು ತೀರ್ಪು ಕೊಟ್ಟಿತು.

ಭೂಬಳಕೆಯ ಕೊನೆಯ ಹಂತ ಗಣಿ ಮುಚ್ಚುವುದು. ತೆಗೆದ ಮೇಲ್ಮಣ್ಣನ್ನು ಕಾಪಾಡಿ ಮತ್ತೆ ಹರಡುವುದು, ಗುಂಡಿಗೆ ಬೇಲಿ ಹಾಕುವುದು, ಗಿಡ ನೆಡುವುದು ಯೋಜನೆಯಲ್ಲಿ ಮೊದಲೇ ಬರೆದಿರಬೇಕು. ಗಣಿಗಾರಿಕೆ ಮುಗಿದ ನೆಲದಲ್ಲಿ ಮೇವು ಬೆಳೆಯುವಂತೆ ಹುಲ್ಲು ಹಾಕಿಸುವ ಷರತ್ತು ಗುತ್ತಿಗೆಗಳಲ್ಲಿ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿ 8ರಂದು ನಿರ್ದೇಶಿಸಿದೆ. ಗಣಿ ವಿಸ್ತಾರವಾದಷ್ಟೂ ಹೀಗೆ ಸರಿಪಡಿಸಿ ಬಿಟ್ಟುಕೊಡಬೇಕಾದ ನೆಲವೂ ಹೆಚ್ಚುತ್ತದೆ, ಅದರ ಖರ್ಚು ಗುತ್ತಿಗೆದಾರರ ಪಾಲಿನದು.