ಸರಾಸರಿ ಎಂದರೇನು?

ಪರೀಕ್ಷೆಯ ಅಂಕ, ಎಕರೆಗೆ ಬಂದ ಕಬ್ಬು, ಕ್ರಿಕೆಟ್ ಆಟಗಾರನ ರನ್ನು, ಊರಿನ ಮಳೆ, ಎಲ್ಲ ಕಡೆಗೂ 'ಸರಾಸರಿ' ಎಂಬ ಶಬ್ದವನ್ನು ಕೇಳುತ್ತೇವೆ. ಇದರ ಅರ್ಥವೇನು?

ಕೊಟ್ಟಿರುವ ಸಂಖ್ಯೆಗಳನ್ನೆಲ್ಲ ಕೂಡಿಸಿ, ಅವು ಎಷ್ಟಿವೆಯೋ ಅಷ್ಟರಿಂದ ಭಾಗಿಸಿದರೆ ಬರುವುದೇ ಸರಾಸರಿ. ಎಮ್ಮೆಯೊಂದು ಮೂರು ದಿನ 4, 5, 6 ಲೀಟರ್ ಹಾಲು ಕೊಟ್ಟರೆ ಒಟ್ಟು 15 ಲೀಟರ್. ದಿನದ ಸರಾಸರಿ 5 ಲೀಟರ್. ತಿಂಗಳ ಲೆಕ್ಕಕ್ಕೆ ಇದು ಸಾಕು. ಸಂಖ್ಯೆಗಳು ಒಂದಕ್ಕೊಂದು ಸಮೀಪವಿದ್ದಾಗ ಸರಾಸರಿಯನ್ನು ನಂಬಬಹುದು.

ಅವು ದೂರ ದೂರವಿದ್ದರೆ? ಇಚಲಕರಂಜಿ ಮಗ್ಗಗಳ ಊರು. ಅಲ್ಲಿಯ ಒಂದು ವಿದ್ಯುತ್ ಮಗ್ಗದ ಕಾರಖಾನೆಯಲ್ಲಿ ನಾಲ್ವರು ಕೆಲಸಗಾರರಿಗೆ ದಿನಕ್ಕೆ 400, 450, 500, 550 ರೂಪಾಯಿ, ಮಾಲಕನಿಗೆ 3100 ರೂಪಾಯಿ ಸಿಗುತ್ತದೆ ಎಂದು ಭಾವಿಸೋಣ. ಒಟ್ಟು 5000, ಸರಾಸರಿ 1000. ಆದರೆ ಸಾವಿರ ರೂಪಾಯಿ ಮನೆಗೆ ಒಯ್ಯುವವನು ಅಲ್ಲಿ ಒಬ್ಬನೂ ಇಲ್ಲ! ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು ಆರಿಸಿದರೆ 500 ಸಿಗುತ್ತದೆ. ಇದಕ್ಕೆ ಮಧ್ಯಾಂಕವೆನ್ನುತ್ತಾರೆ. ಕೆಲಸಗಾರನ ನಿಜಸ್ಥಿತಿಗೆ ಇದೇ ಹತ್ತಿರ.

ಇನ್ನು ನಮ್ಮ ಕೊಲ್ಹಾಪುರ ಜಿಲ್ಲೆಯ ಮಳೆಯನ್ನು ನೋಡಿರಿ. ಪಶ್ಚಿಮದ ಗಗನಬಾವಡಾದಲ್ಲಿ ವರ್ಷಕ್ಕೆ ಸುಮಾರು 5000 ಮಿಲಿಮೀಟರಿಗೂ ಹೆಚ್ಚು, ಪೂರ್ವದ ಶಿರೋಳದಲ್ಲಿ 500ರ ಆಸುಪಾಸು ಮಳೆಯಾಗುತ್ತದೆ. ಗಡಹಿಂಗ್ಲಜದ ಮಳೆ ಇವೆರಡರ ನಡುವಿನದು. ಇಡೀ ಜಿಲ್ಲೆಗೆ ಒಂದೇ ಸರಾಸರಿ ಹೇಳಿದರೆ ಗಗನಬಾವಡಾದವರಿಗೂ ಅದು ಹೊಂದದು, ಶಿರೋಳದವರಿಗೂ ಹೊಂದದು.

ತನ್ನ ಊರಿನ ಸರಾಸರಿ ಮಳೆ ಕಡಿಮೆಯೆಂದು ಶಿರೋಳದವನು ನಿಶ್ಚಿಂತನಾಗಿರುವಂತೆಯೂ ಇಲ್ಲ. ಘಟ್ಟದಲ್ಲಿ ಸುರಿದ ನೀರು ಪಂಚಗಂಗೆಯಲ್ಲಿ ಕೊಲ್ಹಾಪುರ, ಇಚಲಕರಂಜಿಗಳನ್ನು ದಾಟಿ, ಆ ತಾಲೂಕಿನ ನರಸೋಬವಾಡಿಯಲ್ಲಿಯೇ ಕೃಷ್ಣೆಯನ್ನು ಕೂಡುತ್ತದೆ. ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ ಅಪಾಯದ ಮಟ್ಟ 43 ಅಡಿ. 2019ರ ಆಗಸ್ಟಿನಲ್ಲಿ ನೀರು 55 ಅಡಿಯನ್ನೂ ಮೀರಿತು. ಶಿರೋಳ ತಾಲೂಕಿನ ಊರುಗಳಿಗೂ ಮಹಾಪೂರ ನುಗ್ಗಿತು. 2021ರ ಜುಲೈಯಲ್ಲಿ ಮತ್ತೆ ಮಹಾಪೂರ ಬಂದಿತು. ಹೊಳೆಯ ದಂಡೆಯಲ್ಲಿ ಮನೆ ಕಟ್ಟುವವನು ಹೊಳೆಯ ಸರಾಸರಿ ಮಟ್ಟವನ್ನಲ್ಲ, ಅತಿ ಹೆಚ್ಚಿನ ಮಟ್ಟವನ್ನು ನೋಡಿ ಅಡಿಪಾಯ ಎತ್ತರಿಸಬೇಕು.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಯಾರಾದರೂ ಸರಾಸರಿ ಹೇಳಿದಾಗ ಇನ್ನೆರಡು ಪ್ರಶ್ನೆ ಕೇಳಿರಿ: ಎಲ್ಲಕ್ಕಿಂತ ಕಡಿಮೆ ಎಷ್ಟು? ಎಲ್ಲಕ್ಕಿಂತ ಹೆಚ್ಚು ಎಷ್ಟು? ಆಗ ಮಾತ್ರ ಲೆಕ್ಕ ಪೂರ್ತಿಯಾಗುತ್ತದೆ.